ತೂಕದಣ್ಣ ತಕ್ಕಡಿ ಹತ್ತಿದ್ದು

ತೂಕದಣ್ಣನನ್ನು ಯಾರೂ ಬೇಕಂತ ತೂಗಿದ್ದಲ್ಲ. ಅವನೇ ಬಿದ್ದ, ತಕ್ಕಡಿ ತೂಗಿತು.

ದಿನಸಿ ಗೋದಾಮಿನಲ್ಲಿ ಮೂಟೆ ತೂಗುವ ದೊಡ್ಡ ಮಷೀನು ಕೆಟ್ಟಿತ್ತು. ತೂಕದಣ್ಣ ಮಂಡಿಯೂರಿ, ಅದರ ಅಡಿಗೆ ಕೈ ಹಾಕಿ ಸರಿ ಮಾಡಿದ. ಏಳಲು ಹೋದ, ಆಗಲಿಲ್ಲ. ಇನ್ನೊಮ್ಮೆ ಹೋದ. ಮಂಡಿ ಕೈಕೊಟ್ಟಿತು. ಮಷೀನಿನ ತಟ್ಟೆ ಮೇಲೆ ಧೊಪ್ಪನೆ ಕೂತುಬಿಟ್ಟ. ಮೇಲೆ ಕೆಂಪು ಅಂಕಿ ಹೊಳೆಯಿತು. ನೂರ ನಲವತ್ತೆರಡು.

ಹಮಾಲಿಗಳು ಮೂಟೆ ಇಳಿಸಿ ನಿಂತು ನೋಡಿದರು.

"ಅಣ್ಣಾ, ಮಷೀನು ಇನ್ನೂ ಸರಿಯಾಗಿಲ್ಲ ಅನ್ಸುತ್ತೆ," ಅಂದ ಒಬ್ಬ.

"ಆಗಿದೆ," ಅಂದ ತೂಕದಣ್ಣ, ಕೂತಲ್ಲಿಂದಲೇ. "ನಾನು ಮುಟ್ಟಿದ ತಕ್ಕಡಿ ಸುಳ್ಳು ಹೇಳಲ್ಲ."

ಅವನನ್ನು ಎಬ್ಬಿಸಿದ್ದು ಮೂಟೆ ಸಾಗಿಸುವ ಕೈಗಾಡಿಯ ಆಸರೆಯಲ್ಲಿ. ಸುದ್ದಿ ಮಾತ್ರ ಯಾರ ಆಸರೆಯೂ ಇಲ್ಲದೆ ಓಡಿತು. ಅವನು ಮನೆ ಮುಟ್ಟುವ ಹೊತ್ತಿಗೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ, ಇವತ್ತು ಒಂದೂವರೆ ಕ್ವಿಂಟಾಲ್ ಮಾಲು ಇಳಿಯಿತಂತೆ ಗೋದಾಮಲ್ಲಿ?"

"ಒಂದೂವರೆ ಎಲ್ಲಿ? ಎಂಟು ಕೆಜಿ ಕಮ್ಮಿ," ಅಂದ ಅವನು. ಲೆಕ್ಕದಲ್ಲಿ ಯಾರಾದರೂ ಉತ್ಪ್ರೇಕ್ಷೆ ಮಾಡಿದರೆ ಅವನಿಗೆ ತಡೆಯುತ್ತಿರಲಿಲ್ಲ.

ಅವನ ಕಸುಬೇ ಅದು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿ ಮಾಡುವುದು. ಭಾರದ ಪೆಟ್ಟಿಗೆಯಲ್ಲಿ ತೂಕದ ಬಟ್ಟುಗಳು, ಬೆರಳ ಗಾತ್ರದ್ದರಿಂದ ಹಿಡಿದು ಹಿಡಿಕೆಯಿರುವ ಇಪ್ಪತ್ತು ಕೆಜಿಯದರ ತನಕ. ಅವುಗಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದ, ಮಗುವಿನ ಮೂಗು ಒರೆಸಿದ ಹಾಗೆ. ಮಾಂಸದಂಗಡಿಯವನು ಒಮ್ಮೆ, "ಅಣ್ಣಾ, ಒಂಚೂರು ನನ್ನ ಕಡೆ ವಾಲಿಸಿಕೊಡು," ಅಂದದ್ದಕ್ಕೆ ಪೆಟ್ಟಿಗೆ ಮುಚ್ಚಿ ಎದ್ದು ಬಂದಿದ್ದ. ಮತ್ತೆ ಅವನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಅಷ್ಟು ನಿಯತ್ತು.

ನಿಯತ್ತು ಕೈಗೆ. ಬಾಯಿಗೆ ಇರಲಿಲ್ಲ. ತಕ್ಕಡಿ ಇರುವ ಅಂಗಡಿಯಲ್ಲೆಲ್ಲ ತಿನ್ನುವ ಸಾಮಾನೂ ಇರುತ್ತದಲ್ಲ. ರಿಪೇರಿ ಮುಗಿದ ಮೇಲೆ ತೂಗಿ ನೋಡಬೇಕು. ತೂಗಿದ್ದನ್ನು ಮತ್ತೆ ಡಬ್ಬಿಗೆ ಸುರಿಯಲು ಅಂಗಡಿಯವರಿಗೆ ಸಂಕೋಚ. "ಬಾಯಿಗೆ ಹಾಕ್ಕೋ ಅಣ್ಣಾ." ಹೀಗೆ ಒಂದೊಂದು ಹಿಡಿ ದ್ರಾಕ್ಷಿ, ಒಂದೊಂದು ಹಿಡಿ ಕಡಲೆಬೀಜ, ಬೇಕರಿಯಲ್ಲಿ ಮುರಿದ ಬಿಸ್ಕತ್ತು. ಮನೆಗೆ ಬಂದು ಕೈತೊಳೆದು, "ಹಸಿವಿಲ್ಲ ಕಣೇ, ಸ್ವಲ್ಪ ಬಡಿಸು," ಅನ್ನುತ್ತಿದ್ದ. ಅವನ ಸ್ವಲ್ಪ ಅಂದರೆ ಅವಳಿಗೆ ಎರಡು ಹೊತ್ತಿನದು.

ಸಕ್ಕರೆ ಕಾಯಿಲೆ ಬಂತು. ಮಂಡಿ ಹೋಯಿತು. ಮಲಗಿದರೆ ಗೊರಕೆ, ಗೊರಕೆಯ ನಡುವೆ ಉಸಿರು ನಿಲ್ಲುವುದು. ಆಗೆಲ್ಲ ಅವಳು ಪಕ್ಕೆಗೆ ತಿವಿದು ಎಬ್ಬಿಸುತ್ತಿದ್ದಳು. ಗೋದಾಮಿನಲ್ಲಿ ಅವಮಾನವಾದ ಮೇಲೆ ಅವನೇ ಹೇಳಿದ, "ಆ ಹೊಟ್ಟೆ ಕಿರಿದು ಮಾಡೋ ಆಪರೇಷನ್ ಮಾಡಿಸಿಕೊಂಡುಬಿಡ್ತೀನಿ."

ಡಾಕ್ಟರಮ್ಮ ಕಡ್ಡಿಯ ಹಾಗಿದ್ದರು. ಅವರನ್ನು ನೋಡಿಯೇ ತೂಕದಣ್ಣ ಹೆಂಡತಿಯ ಕಿವಿಯಲ್ಲಿ, "ಇವರು ತಾವೇ ಮಾಡಿಸಿಕೊಂಡಿರಬೇಕು," ಅಂದ. ಡಾಕ್ಟರಮ್ಮನ ಕಿವಿ ಚುರುಕಾಗಿತ್ತು.

"ನನಗೆ ಬೇಕಾಗಲಿಲ್ಲ. ನಿಮಗೆ ಬೇಕು," ಅಂದರು. ಆಮೇಲೆ ಒಂದು ಚಿತ್ರ ಬರೆದು ತೋರಿಸಿದರು. "ಇದು ಹೊಟ್ಟೆಯ ಚೀಲ. ಇದರ ಮೇಲೆ ಹಾಸಿಕೊಂಡು ಕೂತಿರೋದು ಲಿವರ್. ನಿಮ್ಮದು ಕೊಬ್ಬು ತುಂಬಿ ಊದಿದೆ. ನಾನು ಅದನ್ನ ಎತ್ತಿ ಹಿಡಿದೇ ಕೆಳಗೆ ಕೆಲಸ ಮಾಡಬೇಕು. ಊದಿದ್ದನ್ನ ಎತ್ತಿದರೆ ಹರಿಯುತ್ತೆ. ರಕ್ತ ನಿಲ್ಲಲ್ಲ. ಅದಕ್ಕೇ ಆಪರೇಷನ್‌ಗೆ ಮೊದಲು ಬರೀ ತೆಳ್ಳಗಿನ ಸೂಪು, ಹಾಲು, ನಾವು ಕೊಡೋ ಪುಡಿ. ಹತ್ತು ಕೆಜಿ ಇಳೀಬೇಕು. ಇಳಿದರೆ ಲಿವರ್ ಕುಗ್ಗಿದೆ ಅಂತ ನನಗೆ ಧೈರ್ಯ. ಬೀಡಿ ಸಿಗರೇಟು ಇದೆಯಾ?"

"ಇಲ್ಲ."

"ಇದೆ," ಅಂದಳು ಹೆಂಡತಿ.

"ಬಿಡಿ," ಅಂದರು ಡಾಕ್ಟರಮ್ಮ. "ಸೇದಿದರೆ ಹೊಲಿಗೆ ಕೂಡಲ್ಲ."

ಬೀಡಿ ಬಿಟ್ಟ. ಅದೊಂದನ್ನು ನಿಜವಾಗಿ ಬಿಟ್ಟ. ಮನೆಯಲ್ಲಿ ಸೂಪನ್ನೇ ಕುಡಿದ. ಮುಖ ಹಿಂಡಿಕೊಂಡು, ಲೋಟ ತಲೆಕೆಳಗು ಮಾಡಿ ತೋರಿಸಿ ಕುಡಿದ. ಹೆಂಡತಿಗೆ ಅಯ್ಯೋ ಪಾಪ ಅನ್ನಿಸಿತು. ಹೊರಗೆ ಅಂಗಡಿಗಳಲ್ಲಿ ಏನು ನಡೆಯುತ್ತಿದೆ ಅನ್ನುವುದು ಅವಳ ತಲೆಗೆ ಹೊಳೆಯಲಿಲ್ಲ. ಬಚ್ಚಲ ಮನೆ ಪಕ್ಕ ಒಂದು ಹಳೇ ತೂಕದ ಮಷೀನಿತ್ತು, ಅವನೇ ಸರಿ ಮಾಡಿಟ್ಟದ್ದು. "ಹತ್ತಿ ನೋಡ್ರೀ," ಅಂದರೆ, "ದಿನಾ ನೋಡಿದರೆ ಇಳಿಯಲ್ಲ ಕಣೇ, ನಾಚಿಕೊಳ್ಳುತ್ತೆ," ಅನ್ನುತ್ತಿದ್ದ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಪೆಟ್ಟಿಗೆ ಎತ್ತಿಕೊಂಡು ಹೊರಟ.

"ಇವತ್ತೂ ಕೆಲಸವಾ?"

"ಆಸ್ಪತ್ರೆಯವರದೇ. ಅಲ್ಲಿನ ದೊಡ್ಡ ಮಷೀನು ನೋಡಿಕೊಳ್ಳೋನು ನಾನೇ ಅಲ್ವಾ. ನಾಳೆ ಮಲಗಿಬಿಟ್ಟರೆ ಯಾರು ನೋಡ್ತಾರೆ?"

ಎಂಥ ಕರ್ತವ್ಯ, ಅಂದುಕೊಂಡಳು.

ಮಾರನೆ ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಜಾತ್ರೆ. ಮಷೀನಿನ ಮುಂದೆ ದಪ್ಪ ಜನರ ಸಾಲು, ಪಕ್ಕದಲ್ಲಿ ಪಥ್ಯ ಹೇಳುವ ಹುಡುಗಿ. ಒಬ್ಬೊಬ್ಬರು ಹತ್ತುವುದು, ಕೆಳಗಿಳಿದು ಹಲ್ಲು ಕಿರಿಯುವುದು. ಒಬ್ಬರು ಟೀಚರಮ್ಮ ಇಳಿದವರೇ ಪಥ್ಯದ ಹುಡುಗಿಯನ್ನು ತಬ್ಬಿಕೊಂಡರು.

"ಒಂಬತ್ತು ಕೆಜಿ! ಒಂದೇ ವಾರಕ್ಕೆ! ಮೊನ್ನೆ ಮದುವೆ ಊಟ ಬೇರೆ ಮಾಡಿದ್ದೆ ಕಣಮ್ಮಾ, ಹೇಳಬಾರದು ಅಂತಿದ್ದೆ."

ಮುಂದಿನವರು ಏಳು. ಅದರ ಮುಂದಿನವರು ಎಂಟು. ಯಾರೂ ಏರಿರಲಿಲ್ಲ. ಪಥ್ಯದ ಹುಡುಗಿಯ ಮುಖ ಕೆಂಪಗೆ ಅರಳಿತ್ತು, ತನ್ನ ಮಾತಿಗೆ ಇಷ್ಟು ಬೆಲೆ ಇದೆ ಅಂತ ಅವಳಿಗೇ ಗೊತ್ತಿರಲಿಲ್ಲ. ತೂಕದಣ್ಣ ಗಂಭೀರವಾಗಿ ಹತ್ತಿದ. ನೂರ ಮೂವತ್ತೆರಡು.

"ಸರಿಯಾಗಿ ಹತ್ತು ಕೆಜಿ!" ಅಂದರು ಡಾಕ್ಟರಮ್ಮ, ಮೊದಲ ಸಲ ನಕ್ಕು. "ನಾಳೆ ಬೆಳಿಗ್ಗೆ ಮೊದಲು ನಿಮ್ಮದೇ."

ಅವನು ಬಟ್ಟೆ ಬದಲಿಸಲು ಒಳಗೆ ಹೋದ. ಸಾಲು ಕರಗಿತು. ಹೆಂಡತಿಗೆ ಒಂದು ಹುಡುಗಾಟ ಬುದ್ಧಿ ಬಂತು. ಚಪ್ಪಲಿ ಬಿಟ್ಟು ತಾನೂ ಹತ್ತಿದಳು.

ಎಪ್ಪತ್ತನಾಲ್ಕು.

ಮೊನ್ನೆ ತಾನೇ ಮನೆಯ ಮಷೀನಿನಲ್ಲಿ ಎಂಬತ್ತು ಇದ್ದಳು. ಅವನಿಗೆ ಕೊಟ್ಟು ಪಾತ್ರೆಯಲ್ಲಿ ಮಿಕ್ಕ ಸೂಪನ್ನೂ ಅವಳೇ ಕುಡಿದಿದ್ದಳು. ಉಪವಾಸ ಎಂದರೆ ಏನು ಅಂತ ಅವಳ ಹೊಟ್ಟೆಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹೊರಟವನ ಬೆನ್ನು ಕಣ್ಣಿಗೆ ಕಟ್ಟಿತು.

ವಾರ್ಡಿಗೆ ಹೋದಳು. ಅವನು ಆಸ್ಪತ್ರೆಯ ಅಂಗಿ ತೊಟ್ಟು ಮೂರನೇ ಮಂಚದಲ್ಲಿ ಕೂತಿದ್ದ.

"ರೀ, ಆ ಮಷೀನು ಮುಟ್ಟಿದ್ರಾ?"

"ರಿಪೇರಿ ಮಾಡೋನು ಮುಟ್ಟದೆ ಕಣ್ಣಲ್ಲೇ ನೋಡ್ತಾನಾ?"

"ಸುಮ್ಮನೆ ಮುಟ್ಟಿದ್ರಾ, ಏನಾದರೂ ಮಾಡಿದ್ರಾ?"

"ಸುಸ್ತಾಗಿದೆ ಕಣೇ." ಗೋಡೆ ಕಡೆ ತಿರುಗಿ ಮಲಗಿದ. ಗೊರಕೆ ಶುರುವಾಯಿತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ನಿಜವಾದ ಗೊರಕೆ ಯಾವುದು ಅಂತ ಗೊತ್ತಿಲ್ಲವೇ. ಇದು ನಾಟಕದ ಗೊರಕೆ.

ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಹೇಳಿಬಿಟ್ಟರೆ ಅವನ ಕಸುಬು ಇವತ್ತಿಗೇ ಮುಗಿಯಿತು. ಆಸ್ಪತ್ರೆಯ ತಕ್ಕಡಿಯನ್ನೇ ತಿರುಚಿದವನನ್ನು ಯಾವ ಅಂಗಡಿಯವನು ಒಳಗೆ ಬಿಡುತ್ತಾನೆ? ಹೇಳದಿದ್ದರೆ ನಾಳೆ ಬೆಳಿಗ್ಗೆ ಆ ಕಡ್ಡಿ ಹೆಂಗಸು ಊದಿದ ಲಿವರ್ ಎತ್ತುತ್ತಾರೆ. ಹರಿಯುತ್ತೆ ಅಂದಿದ್ದರು. ರಕ್ತ ನಿಲ್ಲಲ್ಲ ಅಂದಿದ್ದರು. ಮಾನ ಒಂದು ಕಡೆ, ಗಂಡ ಒಂದು ಕಡೆ. ಬಹಳ ಹೊತ್ತು ಕೂರಲಿಲ್ಲ. ಎದ್ದು ಬಸ್ಸು ಹತ್ತಿ ಮನೆಗೆ ಹೋದಳು. ಪೆಟ್ಟಿಗೆಯಿಂದ ಇಪ್ಪತ್ತು ಕೆಜಿಯ ಬಟ್ಟನ್ನು ಎತ್ತಿ ತರಕಾರಿ ಚೀಲದೊಳಗೆ ಇಳಿಸಿದಳು. ಮೇಲೆ ಒಂದು ಕಟ್ಟು ಸೊಪ್ಪು ಮುಚ್ಚಿದಳು.

ವಾಪಸು ಬರುವಾಗ ಬಸ್ಸಿನ ಮೆಟ್ಟಿಲಲ್ಲಿ ಕಂಡಕ್ಟರ್ ಚೀಲಕ್ಕೆ ಕೈ ಹಾಕಿದವನು ಹಾಗೇ ಬಗ್ಗಿದ.

"ಏನಮ್ಮಾ ಇದು, ಗಂಡನ್ನ ಕುಯ್ದು ಚೀಲಕ್ಕೆ ತುಂಬಿದೀಯಾ?"

"ಇಲ್ಲಪ್ಪಾ. ಕುಯ್ಯೋರು ಆಸ್ಪತ್ರೆಯಲ್ಲಿ ಕಾಯ್ತಿದಾರೆ."

ಅವನು ಟಿಕೆಟ್ಟನ್ನು ದೂರದಿಂದಲೇ ಚಾಚಿದ.

ಮಷೀನಿನ ಹತ್ತಿರ ಒಬ್ಬ ನರ್ಸಮ್ಮ ಇದ್ದಳು. ಅವಳೂ ಬೆಳಿಗ್ಗೆ ಹತ್ತಿ ನೋಡಿ ಖುಷಿಯಾಗಿದ್ದವಳೇ.

"ಸಿಸ್ಟರ್, ಒಂದು ಉಪಕಾರ. ಅಂಗಡಿಯವನು ತೂಕದಲ್ಲಿ ನನಗೆ ಟೋಪಿ ಹಾಕಿದಾನೆ ಅನ್ಸುತ್ತೆ. ಈ ಚೀಲ ಒಂದು ಸಲ ಇಟ್ಟು ನೋಡಲಾ?"

"ಇಡಮ್ಮಾ, ಬೇಗ."

ಅವಳು ಸೊಪ್ಪು ತೆಗೆದು ಕೈಯಲ್ಲಿ ಹಿಡಿದಳು. ಚೀಲ ಜಾರಿಸಿದಳು. ಕಬ್ಬಿಣದ ಬಟ್ಟು ಮಷೀನಿನ ಮೇಲೆ ಬೆತ್ತಲೆ ನಿಂತಿತು. ಅದರ ಮೈಮೇಲೆ ಅಚ್ಚು ಒತ್ತಿದ್ದು ಇಪ್ಪತ್ತು. ಮಷೀನು ತೋರಿಸಿದ್ದು ಹದಿನೆಂಟೂವರೆ.

ನರ್ಸಮ್ಮ ಬಟ್ಟು ನೋಡಿದಳು, ಅಂಕಿ ನೋಡಿದಳು, ಆಮೇಲೆ ತನ್ನ ಸೊಂಟ ನೋಡಿಕೊಂಡಳು.

"ಅಯ್ಯೋ! ಹಾಗಾದರೆ ನಾನು ಇಳಿದೇ ಇಲ್ವಾ?"

ಆ ಕೂಗಿಗೆ ಡಾಕ್ಟರಮ್ಮ ಬಂದರು. ಪಥ್ಯದ ಹುಡುಗಿ ಬಂದಳು. ಟೀಚರಮ್ಮ ಮಂಚದಿಂದ ಇಳಿದು ಬಂದರು.

"ಮಷೀನು ಕೆಟ್ಟಿದೆ," ಅಂದರು ಡಾಕ್ಟರಮ್ಮ. "ಮೆಕ್ಯಾನಿಕ್‌ಗೆ ಫೋನ್ ಮಾಡಿ."

"ಫೋನ್ ಯಾಕೆ ಡಾಕ್ಟ್ರೇ?" ಅಂದಳು ಅವಳು, ಸೊಪ್ಪಿನ ಕಟ್ಟು ಎದೆಗೆ ಒತ್ತಿಕೊಂಡು. "ಮೂರನೇ ಮಂಚದಲ್ಲೇ ಇದಾರಲ್ಲ."

ತೂಕದಣ್ಣ ಬಂದ. ಆಸ್ಪತ್ರೆಯ ಅಂಗಿಗೆ ಗುಂಡಿ ಇಲ್ಲ, ಬೆನ್ನ ಹಿಂದೆ ಲಾಡಿ. ಅವನ ಅಳತೆಗೆ ಅದು ಕೂಡುತ್ತಿರಲಿಲ್ಲ. ಒಂದು ಕೈಯಲ್ಲಿ ಹಿಂಭಾಗ ಹಿಡಿದುಕೊಂಡು ಬಂದ. ಮಷೀನಿನ ಮೇಲೆ ನಿಂತಿದ್ದ ಬಟ್ಟನ್ನು ಕಂಡ. ದಿನಾ ಒರೆಸಿದ ಬಟ್ಟು, ಗುರುತು ಸಿಗದೆ ಇರುತ್ತದೆಯೇ. ಆಮೇಲೆ ಹೆಂಡತಿಯನ್ನು ಕಂಡ. ಅವಳು ಸೊಪ್ಪಿನ ಒಣಗಿದ ಎಲೆ ಕೀಳುತ್ತಿದ್ದಳು.

"ಕರೆಂಟು ಏರುಪೇರಾದರೆ ಹೀಗಾಗುತ್ತೆ ಡಾಕ್ಟ್ರೇ," ಅಂದ, ಇಂಗು ತಿಂದ ಮಂಗನ ಹಾಗೆ.

"ಏರುಪೇರಾದರೆ ಒಬ್ಬರಿಗಾದರೂ ಏರಬೇಕಿತ್ತಲ್ಲ?" ಅಂದರು ಡಾಕ್ಟರಮ್ಮ. "ಎಲ್ಲರಿಗೂ ಪೇರೇ ಆಗಿದೆ. ಸರಿ ಮಾಡಿ."

ಬಗ್ಗಬೇಕು. ಹಿಂದೆ ಹಿಡಿದ ಕೈ ಬಿಡಬೇಕು. ಹೆಂಡತಿ ಹೋಗಿ ಅವನ ಹಿಂದೆ ನಿಂತು ಅಂಗಿಯ ಎರಡೂ ಅಂಚನ್ನು ಕೂಡಿಸಿ ಹಿಡಿದಳು. ಹಾಗೆ ಅವಳು ಅವನ ಮಾನ ಹಿಡಿದುಕೊಂಡಿದ್ದಾಗ ಅವನು ಮಷೀನಿನ ಮಾನ ಸರಿ ಮಾಡಿದ. ಅಂಕಿ ಅಲುಗಿತು, ಇಪ್ಪತ್ತಕ್ಕೆ ಬಂದು ನಿಂತಿತು.

"ಈಗ ಹತ್ತಿ," ಅಂದರು ಡಾಕ್ಟರಮ್ಮ.

ಅವನು ನಿಂತೇ ಇದ್ದ.

"ಹತ್ತ್ರೀ," ಅಂದಳು ಹೆಂಡತಿ, ಹಿಂದಿನಿಂದ, ಮೆಲ್ಲಗೆ. "ನೀವು ಮುಟ್ಟಿದ ತಕ್ಕಡಿ ಸುಳ್ಳು ಹೇಳಲ್ಲ ಅಲ್ವಾ?"

ಹತ್ತಿದ. ನೂರ ನಲವತ್ತಮೂರು. ಇಳಿಯುವುದು ಹಾಗಿರಲಿ, ಒಂದು ಏರಿತ್ತು.

ಟೀಚರಮ್ಮ ಹತ್ತಲೇ ಇಲ್ಲ. "ನಾನು ಬೆಳಗಿನದನ್ನೇ ಇಟ್ಟುಕೊಳ್ತೀನಿ, ಮನೆಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದೀನಿ," ಅಂತ ವಾಪಸು ಹೋದರು.

ಡಾಕ್ಟರಮ್ಮ ಗಂಡ ಹೆಂಡತಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು.

"ನಾಳೆ ನಾನು ಆ ಅಂಕಿ ನಂಬಿ ನಿಮ್ಮೊಳಗೆ ಕೈ ಹಾಕುತ್ತಿದ್ದೆ. ಬರೀ ನಿಮ್ಮೊಬ್ಬರದಲ್ಲ. ಪ್ರಜ್ಞೆ ತಪ್ಪಿಸೋ ಮದ್ದು ಎಲ್ಲರಿಗೂ ತೂಕ ನೋಡೇ ಕೊಡೋದು."

ತೂಕದಣ್ಣ ನೆಲ ನೋಡಿದ. ಮಾಂಸದಂಗಡಿಯವನ ಮುಂದೆ ಪೆಟ್ಟಿಗೆ ಮುಚ್ಚಿ ಎದ್ದು ಬಂದ ಮನುಷ್ಯ ಅವನು. ಈಗ ಮುಚ್ಚಿಕೊಳ್ಳಲು ಪೆಟ್ಟಿಗೆಯೂ ಇರಲಿಲ್ಲ.

"ಇಳಿಸಕ್ಕಾಗಲಿಲ್ಲ ಅಂದರೆ ಆಪರೇಷನ್ ಇಲ್ಲ ಅಂತೀರಿ ಅಂತ ಹೆದರಿದೆ," ಅಂದ. "ಇವಳು ನಿದ್ದೆಗೆಟ್ಟು ನನ್ನ ಉಸಿರು ಕಾಯ್ತಾಳೆ. ಎಷ್ಟು ದಿನ ಕಾಯ್ತಾಳೆ?"

ಹೆಂಡತಿ ಕಿಟಕಿ ಕಡೆ ತಿರುಗಿದಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ನೀರಿನ ಟ್ಯಾಂಕು.

"ಆಪರೇಷನ್ ಇದೆ," ಅಂದರು ಡಾಕ್ಟರಮ್ಮ. "ಇಳಿಸಿಕೊಂಡು ಬನ್ನಿ. ಪ್ರತಿ ವಾರ ಬಂದು ಈ ಮಷೀನು ಪರೀಕ್ಷೆ ಮಾಡಬೇಕು, ನನ್ನ ಕಣ್ಣೆದುರು. ಮೊದಲು ಬಟ್ಟು, ಆಮೇಲೆ ನೀವು."

ಹೊರಗೆ ಯಾರಿಗೂ ಅವರು ಹೇಳಲಿಲ್ಲ. ಕರೆಂಟಿನ ಮೇಲೇ ಹೋಯಿತು ತಪ್ಪು.

ಮಾರನೆ ದಿನದಿಂದ ಹೆಂಡತಿಯೂ ಅಂಗಡಿ ಸುತ್ತಲು ಹೊರಟಳು. ಅವನು ರಿಪೇರಿ ಮಾಡುವುದು, ಅವಳು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುವುದು. ತೂಗಿ ನೋಡಿದ ದ್ರಾಕ್ಷಿ ಅಂಗಡಿಯವನು ಚಾಚಿದರೆ ನಡುವೆ ಅವಳ ಕೈ ಬರುತ್ತಿತ್ತು. ಬೇಡ ಅನ್ನಲು ಅವಳಿಗೂ ಸಂಕೋಚ. ತಿಂದಳು. ಕಡಲೆಬೀಜ ತಿಂದಳು. ಬಿಸ್ಕತ್ತಿನ ಚೂರು ತಿಂದಳು.

"ನನ್ನ ಪಾಲನ್ನ ನನ್ನ ಕಣ್ಣೆದುರೇ ತಿಂತೀಯಲ್ಲೇ, ರಾಕ್ಷಸಿ," ಅನ್ನುತ್ತಿದ್ದ ದಾರಿಯಲ್ಲಿ.

"ನಿಮ್ಮ ಲಿವರಿಗೋಸ್ಕರ ಕಣ್ರೀ. ನನಗೇನು ಆಸೆಯಾ?" ಹಲ್ಲಿನ ಸಂದಿಯಿಂದ ಕಡಲೆ ಸಿಪ್ಪೆ ತೆಗೆಯುತ್ತಾ ಹೇಳುವಳು.

ಅವನು ಇಳಿದ. ನಿಜವಾಗಿ ಇಳಿದ. ಆಪರೇಷನ್ನಿನ ದಿನ ಡಾಕ್ಟರಮ್ಮ ಹೊರಗೆ ಬಂದು, "ಲಿವರ್ ಒಳ್ಳೆ ಮಗುವಿನ ಹಾಗೆ ಪಕ್ಕಕ್ಕೆ ಸರೀತು," ಅಂದರು. ಹೆಂಡತಿ ಅಲ್ಲೇ ನೆಲದ ಮೇಲೆ ಕೂತಳು.

ಆಮೇಲಿನದೂ ಸುಲಭವಿರಲಿಲ್ಲ. ಅದೇ ಸಂಜೆ ನಡೆಯಬೇಕು, ಇಲ್ಲದಿದ್ದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂದರು. ಬಿಗಿ ಕಾಲುಚೀಲ ಹಾಕಿಕೊಂಡು, ಹೆಂಡತಿಯ ಹೆಗಲು ಹಿಡಿದು ಕಾರಿಡಾರ್ ಸುತ್ತಿದ. ಮೂರು ಗುಂಡಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು, ಉಸಿರೆಳೆದು ಗುಂಡು ಮೇಲಕ್ಕೆ ಎಬ್ಬಿಸಬೇಕು, ಶ್ವಾಸಕೋಶ ಕಟ್ಟಬಾರದು. ಮುಂದಕ್ಕೆ ಹೋಗಿದ್ದ ಟೀಚರಮ್ಮನ ಆಪರೇಷನ್ನೂ ಅದೇ ವಾರ ಆಗಿತ್ತು, ಅವರಿಗೂ ಅದೇ ಡಬ್ಬಿ. ಇಬ್ಬರೂ ಪಂದ್ಯ ಕಟ್ಟಿದರು. ಟೀಚರಮ್ಮನೇ ಗೆಲ್ಲುತ್ತಿದ್ದರು. ತರಗತಿಯಲ್ಲಿ ಕೂಗಿದ ಅಭ್ಯಾಸ.

ಮನೆಗೆ ಬಂದ ಮೇಲೆ ನೀರು ಔಷಧಿ ಮುಚ್ಚಳದಲ್ಲಿ, ಗುಟುಕು ಗುಟುಕಾಗಿ. ಊಟದ ಜೊತೆ ನೀರಿಲ್ಲ. ಮೊದಲು ತೆಳ್ಳಗಿನದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಅರೆದ ತರಕಾರಿ ಎರಡು ಚಮಚ. ಅದನ್ನು ತೂಕದಣ್ಣ ರಿಪೇರಿಗೆ ಬಂದ ಚಿನ್ನದಂಗಡಿಯ ತಕ್ಕಡಿಯಲ್ಲಿ ಇಟ್ಟು ತೂಗಿದ.

"ಅಕ್ಕಸಾಲಿ ನೋಡಿದರೆ ಒದೀತಾನೆ," ಅಂದಳು.

"ನನಗೆ ಈಗ ಇದೇ ಚಿನ್ನ ಕಣೇ."

ಒಂದು ಮಧ್ಯಾಹ್ನ ಊಟದ ನಡುವೆ ಗಟಗಟ ನೀರು ಕುಡಿದ. ವಾಂತಿ ಶುರುವಾಯಿತು, ನಿಲ್ಲಲಿಲ್ಲ. ನೆರೆಮನೆಯಾಕೆ ಕಷಾಯ ಮಾಡುತ್ತೀನಿ ಅಂದಳು. ಹೆಂಡತಿ ಕಷಾಯ ಬೇಡ ಅಂದಳು. ಡಾಕ್ಟರಮ್ಮನಿಗೆ ಫೋನು ಮಾಡಿ, ನೆಟ್ಟಗೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಾತ್ರಿ ಇಟ್ಟುಕೊಂಡು, ವಿಟಮಿನ್ ಸೂಜಿ ಹಾಕಿ, ಡ್ರಿಪ್ ಹಾಕಿ ಕಳಿಸಿದರು. "ಸರಿಯಾದ ಹೊತ್ತಿಗೆ ತಂದಿರಿ," ಅಂದರು. ಆಮೇಲೆ ಅವನು ಅವಳ ಮಾತು ಮೀರಲಿಲ್ಲ. ಮೀರಿದರೂ ಅವಳಿಗೆ ಕಾಣದ ಹಾಗೆ. ಜೀವನಪೂರ್ತಿ ನುಂಗಬೇಕಾದ ಮಾತ್ರೆಗಳನ್ನು ಬಟ್ಟುಗಳ ಪೆಟ್ಟಿಗೆಯಲ್ಲೇ ಇಟ್ಟುಕೊಂಡ, ಮರೆಯಬಾರದು ಅಂತ.

ಅವನು ಅರ್ಧದಷ್ಟಾದ. ಗೋದಾಮಿನಲ್ಲಿ ಮಂಡಿಯೂರಿ ಕೂತು, ಯಾರ ಕೈಯೂ ಹಿಡಿಯದೆ ಎದ್ದು ತೋರಿಸಿ ಬಂದ. ಗೊರಕೆ ನಿಂತಿತು. ಅವಳಿಗೆ ಸ್ವಲ್ಪ ದಿನ ನಿದ್ದೆಯೇ ಬರಲಿಲ್ಲ, ಸದ್ದಿಲ್ಲದೆ.

ಅವಳು ಮಾತ್ರ ದ್ರಾಕ್ಷಿ ಬಿಡಲಿಲ್ಲ. ಅಭ್ಯಾಸ ಹತ್ತಿತ್ತು. ಅವಳ ರವಿಕೆ ತೋಳು ಬಿಗಿಯಾದರೆ, "ಒಗೆದು ಒಗೆದು ಬಟ್ಟೆ ಕುಗ್ಗಿದೆ ಕಣೇ, ನೀನೇನೂ ಹಿಗ್ಗಿಲ್ಲ," ಅನ್ನುತ್ತಿದ್ದ. ಮನೆಯ ಮಷೀನು ಹತ್ತಿ ನೋಡುವಳು. ಎಪ್ಪತ್ತೆಂಟು. ನಿಜ, ಹಿಗ್ಗಿಲ್ಲ. ಬೇರೆ ಕಡೆ ಹತ್ತುವ ಅಭ್ಯಾಸ ಅವಳಿಗಿರಲಿಲ್ಲ. ಗಂಡನೇ ಮೆಕ್ಯಾನಿಕ್ ಆಗಿರುವಾಗ ಬೇರೆ ಮಷೀನು ಯಾಕೆ.

ಹೋದ ವರ್ಷ ತೂಕದಣ್ಣ ಹೋದ. ಜ್ವರ ಬಂತು, ಎದೆಗಿಳಿಯಿತು, ಹೋದ. ಆಪರೇಷನ್ನಿಂದ ಅಲ್ಲ. ಹಾಗೆ ಹೇಳಿಕೊಂಡು ಬಂದವರನ್ನು ಅವಳು ಬಾಗಿಲಲ್ಲೇ ವಾಪಸು ಕಳಿಸಿದಳು. ಆಪರೇಷನ್ ಆದ ಮೇಲೆ ಹನ್ನೆರಡು ವರ್ಷ ಅವಳ ಜೊತೆ ಸುತ್ತಿದ ಮನುಷ್ಯ ಅವನು.

ಮೊನ್ನೆ ಪಕ್ಕದ ಬೀದಿಯ ಇನ್ನೊಬ್ಬ ತಕ್ಕಡಿ ರಿಪೇರಿಯವನು ಬಂದ. ಪೆಟ್ಟಿಗೆ ಅವನಿಗೇ ಕೊಟ್ಟುಬಿಡುವುದು ಅಂತ ಮಾತಾಗಿತ್ತು. ಕೊಡುವ ಮುಂಚೆ ಅವಳು ಬಟ್ಟುಗಳನ್ನು ಒಂದೊಂದೇ ಒರೆಸಿದಳು, ಅದೇ ಮೆತ್ತನೆ ಬಟ್ಟೆಯಲ್ಲಿ. ಇಪ್ಪತ್ತು ಕೆಜಿಯದನ್ನು ಒರೆಸಿ ಎತ್ತಿದಳು. ಕೈ ಸೋತಿತು. ಕೆಳಗಿಡಲು ಹತ್ತಿರದಲ್ಲಿ ಸಿಕ್ಕಿದ್ದು ಬಚ್ಚಲ ಪಕ್ಕದ ಮಷೀನು. ಅದರ ಮೇಲೆ ಇಟ್ಟಳು.

ಹದಿನೆಂಟೂವರೆ.

ಅವಳು ಬಗ್ಗಿ ನೋಡಿದಳು. ಬಟ್ಟು ತೆಗೆದು ಮತ್ತೆ ಇಟ್ಟಳು. ಹದಿನೆಂಟೂವರೆಯೇ. ಆಸ್ಪತ್ರೆಯ ಮಷೀನಿನದೇ ಲೆಕ್ಕ, ಒಂದು ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಎಷ್ಟು ವರ್ಷದಿಂದ ಹಾಗಿತ್ತೋ. ಯಾವತ್ತು ಮಾಡಿದನೋ, ಅವಳು ಸ್ನಾನಕ್ಕೆ ಹೋದಾಗಲೋ.

ರಿಪೇರಿಯವನು ಇಣುಕಿ ನೋಡಿ, "ಅಮ್ಮಾ, ಇದು ತಪ್ಪು ತೋರಿಸ್ತಿದೆಯಲ್ಲ. ಎರಡು ನಿಮಿಷ, ಸರಿ ಮಾಡಿಕೊಡ್ತೀನಿ," ಅಂದ.

"ಬಟ್ಟು ತಗೊಂಡು ಹೋಗಪ್ಪಾ," ಅಂದಳು. "ಮಷೀನು ಮುಟ್ಟಬೇಡ."

ಅವನು ಹೋದ ಮೇಲೆ ಬಾಗಿಲು ಹಾಕಿ, ಚಪ್ಪಲಿ ಬಿಟ್ಟು, ಹತ್ತಿ ನಿಂತಳು. ಎಪ್ಪತ್ತೆಂಟು.

"ಕಳ್ಳ," ಅಂದಳು. ಆ ದಿನ ಎರಡು ಸಲ ಹತ್ತಿದಳು.